ಹಾಲಿನ ಲೆಕ್ಕದ ಕ್ಯಾಲೆಂಡರ್

ಸಾಗರದ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಚಿತ್ರ ಗಿತ್ರ ಏನೂ ಇಲ್ಲದ್ದು, ಬರೀ ದೊಡ್ಡ ದೊಡ್ಡ ಚೌಕಗಳದ್ದು. ಯಾರು ಎಷ್ಟು ಚೆಂದದ ಕ್ಯಾಲೆಂಡರ್ ತಂದುಕೊಟ್ಟರೂ ಅಮ್ಮ ಅದನ್ನು ಹಾಲ್‌ನಲ್ಲಿ ನೇತುಹಾಕಿ ಮರೆತುಬಿಡುತ್ತಾಳೆ. ಅಡುಗೆಮನೆಗೆ ಮಾತ್ರ ಚೌಕದ್ದೇ ಆಗಬೇಕು. ಹಾಲಿನ ಲೆಕ್ಕ ಬರೆಯೋಕೆ ಜಾಗ ಬೇಕಲ್ಲ. ಎರಡು ಪ್ಯಾಕೆಟ್ ಬಂದರೆ 2, ಒಂದು ಬಂದರೆ 1, ಹಾಲಿನವನು ಬಾರದಿದ್ದರೆ ಸೊನ್ನೆ. ಅದರ ಪಕ್ಕದಲ್ಲೇ ಸಿಲಿಂಡರ್ ಹಚ್ಚಿದ ದಿನ, ಮಿಡಿ ಉಪ್ಪಿಗೆ ಹಾಕಿದ ದಿನ, ಯಾರದೋ ಮನೆ ಗೃಹಪ್ರವೇಶಕ್ಕೆ ಮುಯ್ಯಿ ಎಷ್ಟು ಕೊಟ್ಟದ್ದು. ಪೆನ್ಸಿಲ್ ಒಂದು ದಾರದಲ್ಲಿ ಕಟ್ಟಿ ಮೊಳೆಗೆ ನೇತಾಡುತ್ತಿರುತ್ತದೆ. ಚಿಕ್ಕವಳಿದ್ದಾಗ ಆ ಪೆನ್ಸಿಲ್ ಕದ್ದು ಏಟು ತಿಂದವಳು ನಾನು.

ಆ ಕ್ಯಾಲೆಂಡರ್‌ಗೆ ಇಷ್ಟು ಬೆಲೆ ಇದೆ ಅಂತ ನನಗೆ ಗೊತ್ತಾಗಿದ್ದು ನಲವತ್ತೇಳನೇ ವಯಸ್ಸಿನಲ್ಲಿ.

2022ರ ಜೂನ್. ಮಳೆ ಹಿಡಿದಿತ್ತು. ಅಪ್ಪನಿಗೆ ಆಗ 81. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬೆಳಗ್ಗೆ ಎದ್ದು ಕಾಫಿ ಲೋಟ ಹಿಡಿದರೆ ಅದು ಬಲಗೈಯಿಂದ ಜಾರಿತು. ಬೈಯೋಕೆ ಹೋದ ಅಮ್ಮನಿಗೆ ಅಪ್ಪ ಏನೋ ಉತ್ತರ ಕೊಟ್ಟರಂತೆ, ಆದರೆ ಅದು ಮಾತಾಗಿರಲಿಲ್ಲ. ಪಕ್ಕದ ಮನೆಯವರು ಕಾರು ತೆಗೆದರು. ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಇವರು ಸರಿಯಾಗಿದ್ದಿದ್ದು ಯಾವಾಗ?" ಅಮ್ಮ ತಕ್ಷಣ, "ರಾತ್ರಿ ಹತ್ತಕ್ಕೆ, ಹಾಲು ಕುಡಿದು ಮಲಗುವಾಗ" ಅಂದಳು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡೋದಾದರೆ ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಯಾವಾಗ ಆಯಿತೋ ಯಾರಿಗೆ ಗೊತ್ತು? ಹಾಗಾಗಿ ಡಾಕ್ಟರ ಗಡಿಯಾರ ರಾತ್ರಿ ಹತ್ತರಿಂದಲೇ ಓಡುತ್ತಿತ್ತು. ಸಮಯ ಮುಗಿದುಹೋಗಿತ್ತು.

ನಾನು ಬೆಂಗಳೂರಿಂದ ಅದೇ ರಾತ್ರಿ ತಾಳಗುಪ್ಪ ಟ್ರೈನು ಹತ್ತಿ ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದೆ. ಅಮ್ಮ ಆಸ್ಪತ್ರೆ ಕಾರಿಡಾರಿನ ಸ್ಟೀಲ್ ಬೆಂಚಿನ ಮೇಲೆ ಕೂತಿದ್ದಳು. ನಿನ್ನೆ ಉಟ್ಟ ಸೀರೆ. ಮಡಿಲಲ್ಲಿ ಬಟ್ಟೆ ಅಂಗಡಿಯ ಒಂದು ಕೈಚೀಲ, ಅದರ ತುಂಬ ಮಾತ್ರೆ. ನನ್ನನ್ನು ನೋಡಿ ಅವಳು ಅಳಲಿಲ್ಲ. "ಮನೇಲಿ ಹಾಲು ಬೇಡ ಅಂತ ಹೇಳಿ ಬಂದಿಲ್ಲ, ಒಂದು ಫೋನ್ ಮಾಡು" ಅಂದಳು.

ಒಂಬತ್ತನೇ ದಿನ ಮಧ್ಯಾಹ್ನ ಡಿಸ್ಚಾರ್ಜ್. "ಇನ್ನು ಮನೇಲೇ ನೋಡ್ಕೊಳ್ಳಿ." ಈ ಮಾತು ಎಷ್ಟು ಸಲೀಸಾಗಿ ಬರುತ್ತೆ ಗೊತ್ತಾ? ಕೈಗೆ ನಾಲ್ಕು ಪುಟದ ಇಂಗ್ಲಿಷ್ ಕಾಗದ ಕೊಟ್ಟರು. ಮಲಗಿದ ಮನುಷ್ಯನನ್ನು ಮಗ್ಗುಲಾಗಿ ಹೊರಳಿಸೋದು ಹೇಗೆ, ಶೀಟ್ ಬದಲಿಸೋದು ಹೇಗೆ, ಕಮೋಡ್ ಚೇರಿಗೆ ಎತ್ತಿ ಕೂರಿಸುವಾಗ ನಮ್ಮ ಸೊಂಟ ಉಳಿಸಿಕೊಳ್ಳೋದು ಹೇಗೆ, ಇದು ಯಾವುದೂ ಆ ನಾಲ್ಕು ಪುಟದಲ್ಲಿ ಇರಲಿಲ್ಲ. ಫಿಸಿಯೋಥೆರಪಿ ಮಾಡಿಸುತ್ತಿದ್ದ ಒಬ್ಬ ಹುಡುಗಿ ಮಾತ್ರ ಹೊರಡುವ ಮೊದಲು ಹತ್ತು ನಿಮಿಷ ಅಮ್ಮನ ಜೊತೆ ಕೂತಳು. ಅಜ್ಜನಿಗೆ ಗಂಜಿಗಿಂತ ನೀರೇ ಅಪಾಯ ಅಂದಳು. ತೆಳ್ಳಗಿರುವುದು ಸರಕ್ಕನೆ ಶ್ವಾಸನಾಳಕ್ಕೆ ಇಳಿದುಬಿಡುತ್ತೆ, ಸ್ವಲ್ಪ ಮಂದ ಇದ್ದರೆ ನುಂಗೋಕೆ ಅವರಿಗೆ ಸಮಯ ಸಿಗುತ್ತೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಒಂದೊಂದೇ ಚಮಚ. ನುಂಗಿದ ಮೇಲೆ "ಆ" ಅನ್ನಿಸಿ ಬಾಯಿ ನೋಡಿ. ಊಟ ಆದ ತಕ್ಷಣ ಮಲಗಿಸಬೇಡಿ.

ಅಮ್ಮನಿಗೆ ಆ ಹತ್ತು ನಿಮಿಷ ಸಾಕಾಯಿತು. ಗಂಜಿಯ ಹದ ಅಂದರೆ ಅವಳಿಗೆ ಹೊಸದಾ? ಸೌಟು ಎತ್ತಿದರೆ ಧಾರೆ ಕಡಿಯದೆ, ಆದರೆ ನಿಧಾನವಾಗಿ ಬೀಳಬೇಕು. ಅಂಬಲಿ ಬೇಡ, ರಾಗಿ ಗಂಜಿ ಸರಿ. ಎರಡನೇ ದಿನಕ್ಕೆ ಅವಳು ನನಗೇ ಪಾಠ ಹೇಳುತ್ತಿದ್ದಳು.

ನಾನು ಮಾಡಿದ್ದೇನು? ಎಕ್ಸೆಲ್ ಶೀಟು. ಐಟಿ ಕಂಪನಿಯಲ್ಲಿ ಇಪ್ಪತ್ತು ವರ್ಷ ಪ್ರಾಜೆಕ್ಟ್ ನೋಡಿಕೊಂಡವಳಿಗೆ ಬೇರೆ ಏನು ಬರುತ್ತೆ ಹೇಳಿ. ಬಣ್ಣ ಬಣ್ಣದ ಕಾಲಂ, ಯಾವ ಮಾತ್ರೆ ಎಷ್ಟು ಗಂಟೆಗೆ, ಯಾರ ಜವಾಬ್ದಾರಿ. "ಅಪ್ಪ" ಅಂತ ಒಂದು ವಾಟ್ಸಾಪ್ ಗ್ರೂಪ್. ಅದರಲ್ಲಿ ನಾನು, ನ್ಯೂಜೆರ್ಸಿಯ ಅಣ್ಣ, ಬೆಂಗಳೂರಲ್ಲೇ ಇರುವ ತಮ್ಮ, ಅತ್ತಿಗೆ, ನಾದಿನಿ. ಅಮ್ಮನ ಹತ್ತಿರ ಇದ್ದದ್ದು ಬಟನ್ ಫೋನು. ಅಂದರೆ ಅಪ್ಪನನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದ ಒಬ್ಬಳೇ ಒಬ್ಬಳು ಆ ಗ್ರೂಪಿನಲ್ಲಿ ಇರಲಿಲ್ಲ. ಇದು ನಮಗ್ಯಾರಿಗೂ ಹೊಳೆಯಲೇ ಇಲ್ಲ ನೋಡಿ.

ಅಣ್ಣ ದಿನಕ್ಕೊಂದು ಲಿಂಕ್ ಕಳಿಸುತ್ತಿದ್ದ. ಅಮೆರಿಕದಲ್ಲಿ ಹೀಗೆ ಮಾಡ್ತಾರೆ, ಹಾಗೆ ಮಾಡ್ತಾರೆ. ಆಮೇಲೆ ಕ್ಯಾಮೆರಾ ಹಾಕಿಸಿದ. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ, ಹಾಗಾಗಿ ರಾತ್ರಿ ಕಾವಲು ತನ್ನದು ಅಂತ ಅವನ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ, "ಅಮ್ಮಾ, ಅಪ್ಪನ ಹೊದಿಕೆ ಜಾರಿದೆ" ಅಂದ. ಅಮ್ಮ ಎದ್ದು ಹೊದಿಕೆ ಸರಿಮಾಡಿದಳು. ಮರುದಿನದಿಂದ ಕ್ಯಾಮೆರಾ ಮೇಲೆ ಒಂದು ಒದ್ದೆ ಟವೆಲ್. "ಒಣಗ್ಲಿ ಅಂತ ಹಾಕಿದ್ದು" ಅಂತ ಅವಳ ಸಮಜಾಯಿಷಿ. ಮಳೆಗಾಲ ಮುಗಿದರೂ ಆ ಟವೆಲ್ ಒಣಗಲಿಲ್ಲ.

ಹೋಂ ನರ್ಸ್ ಬೇಕು ಅಂತ ಏಜೆನ್ಸಿ ಹಿಡಿದೆವು. ರಿಜಿಸ್ಟ್ರೇಷನ್ ದುಡ್ಡು, ತಿಂಗಳ ಅಡ್ವಾನ್ಸು, 24 ಗಂಟೆ ಡ್ಯೂಟಿ. ಬಂದ ಹುಡುಗಿ ಹನ್ನೊಂದನೇ ದಿನ ಬೆಳಗ್ಗೆ ಬ್ಯಾಗ್ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ಏಜೆನ್ಸಿಯವರು ರಿಪ್ಲೇಸ್‌ಮೆಂಟ್ ಕೊಡ್ತೀವಿ ಅಂತ ಎರಡು ವಾರ ಎಳೆದರು, ದುಡ್ಡು ಕೊಡಲಿಲ್ಲ. ಆಗ ನನಗೆ ಕೋಪ ಬಂದಿದ್ದು ಆ ಹುಡುಗಿಯ ಮೇಲೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತೆ. 24 ಗಂಟೆ ಡ್ಯೂಟಿ ಅಂದರೆ ಏನು? ಅಪ್ಪನ ಮಂಚದ ಪಕ್ಕ ಚಾಪೆ. ಬಟ್ಟೆ ಬದಲಿಸೋಕೂ ಬಾಗಿಲಿರುವ ಕೋಣೆ ಇಲ್ಲ. ವಾರಕ್ಕೊಂದು ರಜೆ ಇಲ್ಲ. ಫೋನಿಗೆ ಸಿಗ್ನಲ್ ಬೇಕೆಂದರೆ ಕೊಡೆ ಹಿಡಿದು ಗೇಟಿನ ಹತ್ತಿರ ನಿಲ್ಲಬೇಕು. ನನ್ನ ಮಗಳು ಅಲ್ಲಿ ಹನ್ನೊಂದು ದಿನ ಇರುತ್ತಿದ್ದಳಾ?

ಈ ಮಧ್ಯೆ ನನ್ನ ಎಕ್ಸೆಲ್ ಶೀಟು ಹಾಗೇ ಉಳಿಯಿತು. ಜುಲೈ ಕೊನೆಗೆ ಊರಿಗೆ ಹೋದಾಗ ಅಡುಗೆಮನೆ ಬಾಗಿಲ ಹಿಂದೆ ನೋಡಿದೆ. ಹಾಲಿನ ಚೌಕಗಳು ತುಂಬಿ ತುಳುಕುತ್ತಿದ್ದವು. 2ರ ಪಕ್ಕದಲ್ಲಿ "ಎ ಬ ಅಂ ಎ ಬ ಅಂ" ಅಂತ ಇರುವೆ ಸಾಲಿನ ಹಾಗೆ ಅಕ್ಷರ. ಎಡ, ಬಲ, ಅಂಗಾತ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂದಿದ್ದರಲ್ಲ, ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಬೆನ್ನಿಗೆ ಆಗುವ ಹುಣ್ಣು, ಆಗದ ಹಾಗೆ. ಅದರ ದಾಖಲೆ ಅದು. ಹೊಟ್ಟೆ ಹೋಗಿದ್ದರೆ ಒಂದು ಚುಕ್ಕೆ. ಊಟ ಸರಿಯಾಗಿ ಮಾಡಿದ್ದರೆ ಚಮಚದ ಲೆಕ್ಕ. ಕೆಲವು ಚೌಕಗಳಲ್ಲಿ "ಕ" ಅಂತಿತ್ತು. ಕೇಳಿದೆ. "ಕರೆಂಟ್ ಹೋಗಿತ್ತು" ಅಂದಳು.

ಕರೆಂಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ಏರ್ ಬೆಡ್. ಅದರ ಪುಟ್ಟ ಪಂಪು ಗಾಳಿ ತುಂಬುತ್ತಾ ಇಳಿಸುತ್ತಾ ಇರಬೇಕು, ಆಗ ಒಂದೇ ಜಾಗದ ಮೇಲೆ ಭಾರ ಬೀಳೋದಿಲ್ಲ. ಕರೆಂಟ್ ಹೋದರೆ ಪಂಪು ನಿಲ್ಲುತ್ತೆ, ಹಾಸಿಗೆ ಮೆಲ್ಲಗೆ ಚಪ್ಪಟೆಯಾಗುತ್ತೆ, ಅಪ್ಪ ಬರೀ ಮಂಚದ ಹಲಗೆ ಮೇಲೆ ಮಲಗಿದ ಹಾಗೆ. ಸಾಗರದ ಮಳೆಗಾಲದ ರಾತ್ರಿ ಕರೆಂಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಥ ರಾತ್ರಿಗಳಲ್ಲಿ ಅಮ್ಮ ಎರಡು ಗಂಟೆಗೆ ಬದಲು ಗಂಟೆಗೊಮ್ಮೆ ಎದ್ದು ಹೊರಳಿಸಿದ್ದಳು. ನಮಗೆ ಹೇಳಿರಲೇ ಇಲ್ಲ. ಅಂಗಡಿಯಿಂದ ಒಂದು ಯುಪಿಎಸ್ ತರಿಸಿದರೆ ಮುಗಿಯುವ ಕೆಲಸ. ಕ್ಯಾಮೆರಾ ತರಿಸಿದ ನಾವು ಅದನ್ನು ತರಿಸಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಬಿದ್ದದ್ದು ಅಪ್ಪ ಅಲ್ಲ, ಅಮ್ಮ.

ಬಚ್ಚಲುಮನೆಯಲ್ಲಿ ಹಂಡೆಯ ಹತ್ತಿರ ಬಗ್ಗಿ ಸೌದೆ ಮುಂದೆ ತಳ್ಳಿ ಎದ್ದಿದ್ದಾಳೆ. ಕಣ್ಣು ಕತ್ತಲೆ ಬಂದು ಕೈ ಊರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಆಗ ಅವಳಿಗೆ 74. ಎಲ್ಲರೂ ಅಂದಿದ್ದು, ನಿದ್ದೆ ಇಲ್ಲ, ಸುಸ್ತು, ಪಾಪ. ನಾನೂ ಹಾಗೇ ಅಂದುಕೊಂಡೆ. ಅಡುಗೆಮನೆ ಕಪಾಟಿನಲ್ಲಿ ಅಪ್ಪನ ಮಾತ್ರೆ ಹುಡುಕುವಾಗ ಅಮ್ಮನ ಡಬ್ಬಿ ಕೈಗೆ ಸಿಕ್ಕಿತು. ಹಳೇ ಬೋರ್ನ್‌ವೀಟಾ ಡಬ್ಬಿ. ಅದರಲ್ಲಿ ಎರಡು ಬೇರೆ ಬೇರೆ ಹೆಸರಿನ ಸ್ಟ್ರಿಪ್. ಒಂದು ಕೆಂಪು ಅಕ್ಷರದ್ದು, ಒಂದು ನೀಲಿ. ಅವೆರಡನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಎರಡರಲ್ಲೂ ಟೆಲ್ಮಿಸಾರ್ಟನ್. ಎರಡೂ 40 ಮಿಲಿಗ್ರಾಂ.

ಕತೆ ಇಷ್ಟೇ. ಊರಿನ ಡಾಕ್ಟರು ಬಿಪಿಗೆ ಒಂದು ಕೊಟ್ಟಿದ್ದರು, ನಾಲ್ಕು ವರ್ಷದಿಂದ ತಗೊಳ್ಳುತ್ತಿದ್ದಳು. ಅಪ್ಪನ ಚೆಕಪ್‌ಗೆ ಅಂತ ಶಿವಮೊಗ್ಗಕ್ಕೆ ಹೋದಾಗ ಅಲ್ಲಿ ಯಾರೋ ಅಮ್ಮನ ಬಿಪಿಯನ್ನೂ ನೋಡಿದ್ದಾರೆ. ನಿದ್ದೆಗೆಟ್ಟವಳು, ಗಾಬರಿಯಲ್ಲಿದ್ದವಳು, ಜಾಸ್ತಿ ಬಂದಿದೆ. ಒಂದು ಮಾತ್ರೆ ಬರೆದಿದ್ದಾರೆ. ಮೊದಲಿಂದ ಏನು ತಗೊಳ್ತೀರಿ ಅಂತ ಕೇಳಿದರೋ ಇಲ್ಲವೋ, ಅಮ್ಮನಿಗೆ ನೆನಪಿಲ್ಲ. ಅವಳ ಗಮನ ಅಪ್ಪನ ಮೇಲಿತ್ತು. ಬೇರೆ ಹೆಸರು, ಬೇರೆ ಬಣ್ಣ, ಅಂದರೆ ಬೇರೆ ಔಷಧಿ ಅಂತ ತಿಳಿದಳು. ಬೆಳಗ್ಗೆ ಅದು, ರಾತ್ರಿ ಇದು. ಒಂದೂವರೆ ತಿಂಗಳು. ಬಿಪಿ ಇಳಿದು, ಬಗ್ಗಿ ಎದ್ದಾಗಲೆಲ್ಲ ತಲೆ ತಿರುಗುತ್ತಿತ್ತು. "ಹೇಳಬಾರದಿತ್ತಾ?" ಅಂದೆ. "ಯಾರು ಕೇಳಿದ್ರಿ?" ಅಂದಳು. ಬೈಗುಳ ಅಲ್ಲ ಅದು. ಸುಮ್ನೆ ಕೇಳಿದ್ದು.

ನಿಜ. ದಿನಾ ಸಂಜೆ ಫೋನ್ ಮಾಡಿ ಮೂರೂ ಜನ ಕೇಳುತ್ತಿದ್ದದ್ದು "ಅಪ್ಪ ಹೇಗಿದ್ದಾರೆ?" ಅಂತ. ಅಪ್ಪನಿಗೆ ಶೀಟ್ ಇತ್ತು, ಗ್ರೂಪ್ ಇತ್ತು, ಕ್ಯಾಮೆರಾ ಇತ್ತು. ಇಡೀ ಮನೆ ನಿಂತಿದ್ದು ಅಮ್ಮನ ಎರಡು ಕೈ, ಒಂದು ತಲೆಯ ಮೇಲೆ. ಆ ಎರಡರಲ್ಲಿ ಈಗ ಒಂದು ಕೈಗೆ ಸಿಮೆಂಟ್ ಕಟ್ಟು.

ಆ ಆರು ವಾರ ನಾನು ಸಾಗರದಲ್ಲೇ ಇದ್ದೆ. ಆಫೀಸಿನ ಕೆಲಸ ಮನೆಯಿಂದಲೇ, ಸಂಬಳವಿಲ್ಲದ ರಜೆ ಸ್ವಲ್ಪ. ಆಗ ಮಾಡಿದ ಮೊದಲ ಕೆಲಸ ಒಂದು ದಪ್ಪ ರಟ್ಟು ತಗೊಂಡು ಇಬ್ಬರ ಹೆಸರಲ್ಲಿ ಎರಡು ಪಟ್ಟಿ ಬರೆದದ್ದು. ಮಾತ್ರೆಯ ಅಂಗಡಿ ಹೆಸರು, ಅದರ ಕೆಳಗೆ ಒಳಗಿರುವ ಔಷಧಿಯ ಹೆಸರು, ಯಾಕೆ, ಯಾರು ಬರೆದದ್ದು, ಯಾವಾಗ. ಮನೆಯಲ್ಲಿದ್ದ ಎಲ್ಲ ಮಾತ್ರೆಗಳನ್ನೂ ಒಂದು ತಟ್ಟೆಗೆ ಸುರಿದು ಊರಿನ ಮೆಡಿಕಲ್ ಶಾಪಿಗೆ ತಗೊಂಡು ಹೋದೆ. ಅಲ್ಲಿನವರು ಅಪ್ಪನಿಗೆ ಮೂವತ್ತು ವರ್ಷದ ಪರಿಚಯ. ಕನ್ನಡಕ ಏರಿಸಿ ಒಂದೊಂದೇ ನೋಡಿ, ಅವಧಿ ಮುಗಿದದ್ದು, ಒಂದೇ ಥರದ್ದು, ಯಾತಕ್ಕೆ ಅಂತಲೇ ಗೊತ್ತಾಗದ್ದು, ಹೀಗೆ ಮೂರು ಗುಡ್ಡೆ ಮಾಡಿದರು. ಆಮೇಲೆ ಡಾಕ್ಟರ ಹತ್ತಿರ ಆ ರಟ್ಟು ಹಿಡಿದು ಹೋಗಿ ಎಲ್ಲಾ ಒಂದು ಸಲ ನೋಡಿಸಿದೆವು. ಗ್ಯಾಸ್ಟ್ರಿಕ್ ಮಾತ್ರೆ ಒಂದು, ನಿದ್ದೆಯ ಮಾತ್ರೆ ಒಂದು ಅಲ್ಲೇ ಹೋಯಿತು. ಇಷ್ಟಕ್ಕೆ ಖರ್ಚಾಗಿದ್ದು ಒಂದು ಮಧ್ಯಾಹ್ನ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಈ ಒಂದು ಮಧ್ಯಾಹ್ನ ಎತ್ತಿಡಿ.

ಎರಡನೇ ಕೆಲಸ ಕಷ್ಟದ್ದು. ಅಣ್ಣ ತಮ್ಮಂದಿರ ಜೊತೆ ಜಗಳ. ಅಣ್ಣ ದುಡ್ಡು ಕಳಿಸುತ್ತಿದ್ದ, ಅದನ್ನು ಆಗಾಗ ಹೇಳುತ್ತಿದ್ದ ಕೂಡ. ನಾನು ರಜೆ ಕಳೆದುಕೊಂಡೆ, ಅದನ್ನು ನಾನೂ ಕಡಿಮೆ ಸಲ ಹೇಳಲಿಲ್ಲ. ತಮ್ಮ ಎರಡೂ ಮಾಡದೆ ಒಳ್ಳೆಯವನಾಗಿದ್ದ. ಒಂದು ಭಾನುವಾರ ಫೋನಿನಲ್ಲಿ ಆಗಬಾರದ ಮಾತೆಲ್ಲ ಆಯಿತು, ಮನೆಯ ಪಾಲಿನವರೆಗೂ ಹೋಯಿತು. ಆಮೇಲೆ ನಾಲ್ಕು ದಿನ ಯಾರೂ ಮಾತಾಡಲಿಲ್ಲ. ಐದನೇ ದಿನ ಅತ್ತಿಗೆ ಫೋನ್ ಮಾಡಿ, "ಇವರಿಗೆ ಅಲ್ಲಿಂದ ಏನು ಮಾಡೋಕಾಗುತ್ತೋ ಅಂಥದ್ದು ಕೊಡಮ್ಮ, ಸುಮ್ನೆ ಕ್ಯಾಮೆರಾ ನೋಡ್ತಾ ಒದ್ದಾಡ್ತಿದ್ದಾರೆ" ಅಂದರು.

ಆ ಮಾತು ಕಣ್ಣು ತೆರೆಸಿತು. ಯಾರು ಎಲ್ಲಿದ್ದಾರೋ ಅಲ್ಲಿಂದ ಆಗುವ ಕೆಲಸ ಅವರದು. ಕರೆಂಟ್ ಬಿಲ್ಲು, ಫೋನ್ ಬಿಲ್ಲು, ಡಯಾಪರ್ ಆರ್ಡರು, ಇನ್ಶೂರೆನ್ಸ್ ಕಾಗದ, ಆದಾಯ ತೆರಿಗೆ, ಎಲ್ಲಾ ಅಣ್ಣನಿಗೆ. ನ್ಯೂಜೆರ್ಸಿಯಲ್ಲಿ ಕೂತೇ ಮಾಡಬಹುದು. ತಮ್ಮ ತಿಂಗಳಿಗೊಂದು ಶನಿವಾರ ಬಂದು ಮನೆ ರಿಪೇರಿ. ಮಾಡಿದ ಕೂಡ, ಪಾಪ. ಬಚ್ಚಲಿನ ನುಣುಪು ನೆಲ ಕೀಳಿಸಿ ಒರಟು ಕಲ್ಲು ಹಾಕಿಸಿದ, ಗೋಡೆಗೆ ಹಿಡಿಕೆ, ಹಂಡೆಯ ಬದಲು ಗೀಸರ್. ಹಂಡೆ ಹೋದದ್ದಕ್ಕೆ ಅಮ್ಮ ಈಗಲೂ ಅವನನ್ನು ಬೈಯುತ್ತಾಳೆ. ಡಾಕ್ಟರು, ಮಾತ್ರೆ, ದಿನದ ಫೋನು ನನ್ನದು. ಅಣ್ಣ ಮೊದಲ ತಿಂಗಳು ಕರೆಂಟ್ ಬಿಲ್ ಕಟ್ಟಿ ರಸೀದಿ ಗ್ರೂಪಿಗೆ ಹಾಕಿದಾಗ ಅವನ ಖುಷಿ ನೋಡಬೇಕಿತ್ತು. ಲಿಂಕುಗಳು ನಿಂತವು.

ಬ್ಯಾಂಕಿನ ಕತೆ ಹೇಳಲೇಬೇಕು. ಅಪ್ಪನ ಪಿಂಚಣಿ ಖಾತೆ ಅವರೊಬ್ಬರ ಹೆಸರಲ್ಲಿತ್ತು. ಅಮ್ಮ ನಾಮಿನಿ. ನಾಮಿನಿ ಅಂದರೆ ದುಡ್ಡು ತೆಗೆಯಬಹುದು ಅಂತ ಅಮ್ಮ ತಿಳಿದಿದ್ದಳು, ನಿಜ ಹೇಳಬೇಕೆಂದರೆ ತಮ್ಮನೂ. ನಾಮಿನಿಯ ಕೆಲಸ ಶುರುವಾಗೋದು ಖಾತೆದಾರ ಹೋದ ಮೇಲೆ. ಬದುಕಿದ್ದಾಗ ಬೇಕಾಗಿರೋದು ಜಂಟಿ ಖಾತೆ. ಅಪ್ಪನ ಬಲಗೈ ಏಳೋದಿಲ್ಲ, ಸಹಿ ಇಲ್ಲ, ಚೆಕ್ ಇಲ್ಲ. ಮನೆ ತುಂಬ ಖರ್ಚು, ಖಾತೆಯಲ್ಲಿ ದುಡ್ಡು, ಮಧ್ಯೆ ಒಂದು ಸಹಿ. ಇಂಥ ಪರಿಸ್ಥಿತಿಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ ಅಂತ ಹುಡುಕಿದ್ದು ಅಣ್ಣ. ಖಾತೆದಾರರು ಸಹಿ ಹಾಕಲಾರದಷ್ಟು ಕಾಯಿಲೆಯಲ್ಲಿದ್ದರೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಕೂಡ ನಡೆಯುತ್ತೆ. ಇಬ್ಬರು ಸಾಕ್ಷಿ ಬೇಕು, ಅದರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ. ಬ್ಯಾಂಕಿನವರು ಮನೆಗೇ ಬಂದರು. ಅಪ್ಪ ಎಡಗೈ ಹೆಬ್ಬೆಟ್ಟು ಒತ್ತಿದರು. ಮೂವತ್ತೇಳು ವರ್ಷ ಬೇರೆಯವರ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಮನುಷ್ಯ. ಮಸಿ ಮೆತ್ತಿದ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ನಕ್ಕರು. ಸ್ಟ್ರೋಕ್ ಆದಮೇಲೆ ನಾನು ನೋಡಿದ ಮೊದಲ ನಗು ಅದು, ಒಂದೇ ಬದಿಯದು.

ಅಕ್ಟೋಬರ್‌ನಲ್ಲಿ ಜೀವನ ಪ್ರಮಾಣಪತ್ರ. ಉಳಿದ ಪಿಂಚಣಿದಾರರಿಗೆ ನವೆಂಬರ್, 80 ದಾಟಿದವರು ಅಕ್ಟೋಬರ್ ಒಂದರಿಂದಲೇ ಕೊಡಬಹುದು. ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ. ಅಪ್ಪನದೇ ಇಲಾಖೆಯ ಹುಡುಗ. ಬೆರಳಿನ ಗೆರೆ ಸವೆದುಹೋಗಿ ಯಂತ್ರ ಒಪ್ಪಲಿಲ್ಲ. ಮುಖದ ಫೋಟೋ ಹಿಡಿದು "ಸರ್, ಒಂದು ಸಲ ಕಣ್ಣು ಮಿಟುಕಿಸಿ" ಅಂದ. ಅಪ್ಪ ಬದುಕಿದ್ದಾರೆ ಅಂತ ಮೂರನೇ ಸಲಕ್ಕೆ ಫೋನು ಒಪ್ಪಿಕೊಂಡಿತು. ಆ ಹುಡುಗ ಅರ್ಧ ಗಂಟೆ ಕೂತು ಆಫೀಸಿನ ಸುದ್ದಿ ಹೇಳಿದ. ಅಪ್ಪ ಅಷ್ಟು ಹೊತ್ತು ಬೆನ್ನು ನೆಟ್ಟಗೆ ಇಟ್ಟು ಕೂತಿದ್ದರು. ಫಿಸಿಯೋಥೆರಪಿಯವರು ಎಷ್ಟು ಹೇಳಿದರೂ ಕೂರದವರು! ಅಂದಿನಿಂದ ಮಧ್ಯಾಹ್ನ ಟಪಾಲು ಬರುವ ಹೊತ್ತಿಗೆ ಅವರನ್ನು ಗಾಲಿ ಕುರ್ಚಿಯಲ್ಲಿ ಜಗಲಿಗೆ ತಂದು ಬಿಡುವುದು ರೂಢಿಯಾಯಿತು. ನನ್ನ ಶೀಟಿನಲ್ಲಿ 26 ಕಾಲಂ ಇದ್ದವು. ಅಪ್ಪನಿಗೆ ಏನು ಇಷ್ಟ ಅನ್ನುವ ಕಾಲಂ ಇರಲಿಲ್ಲ.

ಸಹಾಯಕ್ಕೆ ಕೊನೆಗೆ ಸಿಕ್ಕಿದ್ದು ಪಕ್ಕದ ಕೇರಿಯ ಒಬ್ಬ ಅಕ್ಕ. ಬೆಳಗ್ಗೆ ಎಂಟರಿಂದ ಸಂಜೆ ಐದು. ನರ್ಸಿಂಗ್ ಕಲಿತವಳಲ್ಲ, ಆದರೆ ತನ್ನ ಅತ್ತೆಯನ್ನು ಮೂರು ವರ್ಷ ಮಲಗಿದಲ್ಲೇ ನೋಡಿಕೊಂಡವಳು. ಮೊದಲ ದಿನವೇ, "ಅಕ್ಕಾ, ಅಡಿಕೆ ಸುಗ್ಗಿ ಬಂದ್ರೆ ನಾ ಬರೂದಿಲ್ಲ" ಅಂತ ಹೇಳಿಬಿಟ್ಟಳು. ಸುಲಿಯೋಕೆ ಕೂತರೆ ಡಬ್ಬದ ಲೆಕ್ಕದಲ್ಲಿ ಕೂಲಿ, ಕೈ ಚುರುಕಿದ್ದವರಿಗೆ ನಮ್ಮ ಸಂಬಳಕ್ಕಿಂತ ಜಾಸ್ತಿ ಸಿಗುತ್ತೆ. ಜೊತೆಗೆ ನಾಲ್ಕು ಜನರ ಹರಟೆ. ಯಾಕೆ ಬಿಡ್ತಾಳೆ? ನಾನು ಸಂಬಳ ಜಾಸ್ತಿ ಮಾಡ್ತೀನಿ ಅಂದೆ. ಅಮ್ಮ ನನ್ನನ್ನು ಒಳಗೆ ಕರೆದು, "ಅವಳ ಸುಗ್ಗಿ ಅವಳದ್ದು. ಆ ಎರಡು ತಿಂಗಳಿಗೆ ನೀವು ಮೂರು ಜನ ಪಾಳಿ ಹಾಕಿ" ಅಂದಳು. ಹಾಗೇ ಆಯಿತು. ಡಿಸೆಂಬರ್ ರಜೆಯಲ್ಲಿ ಅಣ್ಣ ಬಂದ, ಮೂರು ವಾರ ಇದ್ದ. ಮೊದಲ ಸಲ ಅಪ್ಪನ ಡಯಾಪರ್ ಬದಲಿಸಿ ಹೊರಗೆ ಬಂದು ಹಿತ್ತಿಲಲ್ಲಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಅವನು ಯಾರಿಗೂ ಏನೂ ಹೇಳಿಕೊಡಲಿಲ್ಲ.

ಕಾಸರಗೋಡಿನಲ್ಲಿರುವ ಚಿಕ್ಕಮ್ಮ ಆಗಾಗ ಫೋನ್ ಮಾಡುತ್ತಿದ್ದರು. ಅವರ ಅತ್ತೆಯೂ ಮಲಗಿದ್ದಲ್ಲೇ. ಅಲ್ಲಿ ಪಂಚಾಯತಿಯ ಪ್ಯಾಲಿಯೇಟಿವ್ ನರ್ಸ್, ಅಂದರೆ ಹಾಸಿಗೆ ಹಿಡಿದವರ ನೋವು, ಆರೈಕೆ ನೋಡಿಕೊಳ್ಳುವವರು, ಆಶಾ ಕಾರ್ಯಕರ್ತೆಯ ಜೊತೆ ಮನೆಗೇ ಬಂದು ಹುಣ್ಣು ನೋಡಿ, ಮೂತ್ರದ ಕ್ಯಾತಿಟರ್ ನಳಿಕೆ ಬದಲಿಸಿ ಹೋಗುತ್ತಾರಂತೆ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿದೆ, ದೇಶದಲ್ಲೇ ಮೊದಲು. ನಮ್ಮದೇ ಕನ್ನಡ ಮಾತಾಡುವ, ನಮ್ಮದೇ ಅಡಿಕೆ ತೋಟದ ಮನೆ, ಗಡಿಯ ಆ ಕಡೆ ಇದೆ ಅಷ್ಟೇ. ನಮಗೆ ಕ್ಯಾತಿಟರ್ ಬದಲಿಸೋಕೆ ಪ್ರತಿ ಸಲ ಆಂಬುಲೆನ್ಸ್. ಹೊಟ್ಟೆಕಿಚ್ಚು ಪಟ್ಟೆ ಅಂತ ಒಪ್ಪಿಕೊಳ್ಳುತ್ತೇನೆ. 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಶುರು ಮಾಡಿದಾಗ ತಮ್ಮ ಉತ್ಸಾಹದಿಂದ ಫೋನ್ ಮಾಡಿದ. ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಮನೆಯಲ್ಲಿ ಮಲಗಿದವರ ಡಯಾಪರ್, ಏರ್ ಬೆಡ್, ಆ ಅಕ್ಕನ ಸಂಬಳ, ಅಮ್ಮನ ನಿದ್ದೆ, ಇವಕ್ಕೆ ಯಾವ ಕಾರ್ಡೂ ಇಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ 60 ದಾಟಿದವರು 9.5. ನಮ್ಮ ಬೀದಿಯಲ್ಲಿ ಈಗ ಹೋಗಿ ಎಣಿಸಿ, 60ರ ಕೆಳಗಿನವರನ್ನು ಹುಡುಕಬೇಕು.

ಅಪ್ಪ 2025ರ ಜನವರಿಯಲ್ಲಿ ಹೋದರು. ಮನೆಯಲ್ಲೇ, ಮಧ್ಯಾಹ್ನ. ಬೆನ್ನಿನಲ್ಲಿ ಒಂದೇ ಒಂದು ಹುಣ್ಣು ಇರಲಿಲ್ಲ. ಎರಡೂವರೆ ವರ್ಷ ಮಲಗಿದ ದೇಹ ನೋಡಿದ ಡಾಕ್ಟರು ಅದನ್ನು ಎರಡು ಸಲ ಹೇಳಿದರು. ಅಮ್ಮ ಬಾಗಿಲ ಹಿಂದಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು. ಆ ದಿನದ ಚೌಕದಲ್ಲಿ "ಎ ಬ" ವರೆಗೆ ಬರೆದಿತ್ತು.

ವೈಕುಂಠ ಸಮಾರಾಧನೆ ಮುಗಿದ ವಾರವೇ ಪೇಪರಿನಲ್ಲಿ ಸುದ್ದಿ ಬಂತು. ಗುಣವಾಗುವ ಆಸೆ ಇಲ್ಲದ ರೋಗಿಗಳಿಗೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಅಮ್ಮ ಆ ಪುಟವನ್ನು ಮಡಿಸಿ ನನ್ನ ಮುಂದಿಟ್ಟಳು. "ಇದು ನಂಗೆ ಮಾಡಿಸು." ನಾನು ಮಾತು ಹಾರಿಸಿದೆ. ಅವಳು ಬಿಡಲಿಲ್ಲ. ಮಶೀನಿಗೆ ಹಾಕಬೇಡಿ, ಮೂಗಿನಲ್ಲಿ ಟ್ಯೂಬ್ ಬೇಡ, ಇದೆಲ್ಲ ಬುದ್ಧಿ ಸರಿಯಿದ್ದಾಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2023ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಸುಲಭ ಮಾಡಿತು, ಅದಕ್ಕೆ ಮೊದಲು ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಿತ್ತು. ಮೂರು ತಿಂಗಳು ಮುಂದೂಡಿ ಕೊನೆಗೆ ಮಾಡಿಸಿದೆ. ನೋಟರಿ ಆಫೀಸಿನಲ್ಲಿ ಅಮ್ಮ ಗುಂಡು ಗುಂಡಾಗಿ ಸಹಿ ಹಾಕಿ, ಹೊರಗೆ ಬಂದು ಮಸಾಲೆ ದೋಸೆ ಕೊಡಿಸು ಅಂದಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ನನ್ನ ತಟ್ಟೆಯದನ್ನೂ ಅವಳೇ ತಿಂದಳು.

ಈಗ ಅವಳಿಗೆ 77. ಬೆಂಗಳೂರಿಗೆ ಬರಲ್ಲ. ಅದರ ಬಗ್ಗೆ ಮಾತೂ ಬೇಡ ಅಂದಿದ್ದಾಳೆ. ಹಾಗಾದರೆ ಒಬ್ಬಳೇ ಇರೋದಕ್ಕೆ ಏನು ವ್ಯವಸ್ಥೆ ಅಂತ ಕೇಳಿದೆ. ಅಣ್ಣ ಕೈಗೆ ಕಟ್ಟುವ ಗಡಿಯಾರ ಕಳಿಸ್ತೀನಿ ಅಂದ, ಬಿದ್ದರೆ ತಾನೇ ಫೋನ್ ಮಾಡುತ್ತಂತೆ. ಹಿರಿಯರ ಸಹಾಯವಾಣಿ 14567 ಅಂತ ನಾನು ಗೋಡೆಗೆ ಅಂಟಿಸಿದೆ. ಅಮ್ಮ ಎಲ್ಲಾ ಕೇಳಿಸಿಕೊಂಡು, ತನ್ನ ವ್ಯವಸ್ಥೆ ಹೇಳಿದಳು. ಬೆಳಗ್ಗೆ ಆರೂವರೆಗೆ ಹಾಲಿನವನು ಗೇಟಿನ ಚೀಲದಲ್ಲಿ ಪ್ಯಾಕೆಟ್ ಹಾಕುತ್ತಾನೆ. ಏಳು ಗಂಟೆಗೆ ಇದೇ ದಾರಿಯಲ್ಲಿ ವಾಪಸ್ ಹೋಗುತ್ತಾನೆ. ಆಗಲೂ ಪ್ಯಾಕೆಟ್ ಚೀಲದಲ್ಲೇ ಇದ್ದರೆ ಬಾಗಿಲು ತಟ್ಟಬೇಕು, ತೆಗೆಯದಿದ್ದರೆ ಪಕ್ಕದ ಮನೆಯಲ್ಲಿ ಕೀಲಿ ಇದೆ, ನನಗೆ ಫೋನ್. ಇದನ್ನು ಅವಳು ಯಾವಾಗಲೋ ಅವನ ಹತ್ತಿರ ಮಾತಾಡಿ ಮುಗಿಸಿದ್ದಳು. ನನ್ನ ನಂಬರ್ ಅವನ ಫೋನಿನಲ್ಲಿ ಆಗಲೇ ಇತ್ತು.

ಹೋದ ತಿಂಗಳು ಒಂದು ಬೆಳಗ್ಗೆ ಏಳೂ ಹತ್ತಕ್ಕೆ ಫೋನ್ ಬಂತು. "ಅಕ್ಕಾ, ಹಾಲು ಹಾಗೇ ಇದೆ. ಬಾಗಿಲು ತಟ್ಟಿದೆ, ಅಮ್ಮ ತೆಗೀತಿಲ್ಲ." ನನ್ನ ಕೈ ನಡುಗುತ್ತಿತ್ತು. ಪಕ್ಕದ ಮನೆಗೆ ಫೋನ್ ಹಚ್ಚಿದೆ. ಎರಡನೇ ರಿಂಗಿಗೆ ಎತ್ತಿದ್ದು ಅಮ್ಮ. ಆ ಮನೆಯಲ್ಲಿ ಅವತ್ತು ಹಬ್ಬದ ಅಡುಗೆ, ಬಾಳೆಲೆ ಕಡುಬಿಗೆ ಹಿಟ್ಟು ತಿರುವೋಕೆ ಐದೂವರೆಗೇ ಹೋಗಿದ್ದಾಳೆ. ನಾನು ಅಳುತ್ತಿದ್ದೀನೋ ಬೈಯುತ್ತಿದ್ದೀನೋ ನನಗೇ ಗೊತ್ತಾಗಲಿಲ್ಲ.

"ಸರಿ ಸರಿ" ಅಂದಳು ಅಮ್ಮ. "ಅವನಿನ್ನೂ ಗೇಟಿನ ಹತ್ರ ಇದ್ದಾನಾ? ಇದ್ರೆ ನಾಳೆಗೆ ಎರಡು ಪ್ಯಾಕೆಟ್ ಹಾಕೋಕೆ ಹೇಳು."